ಶ್ರುತಿಯನ್ನು ಗದ್ದಲವೆಂದು ಬಗೆಯುವ ಯಂತ್ರ

(ಜವಳಗೇರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಶ್ರವಣಶಕ್ತಿ ಕುಂದಿದ ಮನುಷ್ಯನಿಗೆ ಯಂತ್ರವೊಂದನ್ನು ತೊಡಿಸಿ, ಮನೆಯವರ ಮಾತು, ಅಂಗಳದಲ್ಲಿ ನಿಂತ ನೆರೆಯವನ ಕರೆ, ವೈದ್ಯನ ಸೂಚನೆ ಇವು ಮತ್ತೆ ಅವನನ್ನು ಮುಟ್ಟುವಂತೆ ಮಾಡಿದೊಡನೆ ಕರ್ತವ್ಯವು ತೀರಿತೆಂದು ಮನೆಯವರೂ ಭಾವಿಸುತ್ತಾರೆ, ಯಂತ್ರವನ್ನು ಕೊಟ್ಟವರೂ ಭಾವಿಸುತ್ತಾರೆ. ಆದರೆ ಅದೇ ಮನುಷ್ಯನು ಸಂಜೆಯ ಹೊತ್ತು ಪಡಸಾಲೆಯಲ್ಲಿ ಕುಳಿತು, ಹರೆಯದಿಂದಲೂ ಕೇಳುತ್ತ ಬಂದ ಮಲ್ಲಿಕಾರ್ಜುನ ಮನಸೂರರ ಗಾಯನವನ್ನೋ, ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನೋ ಸ್ಟೀರಿಯೊದಲ್ಲಿ ಹಾಕಿಕೊಂಡು, ಆ ನಾದವು ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ, ಏರುದನಿಯಲ್ಲಿ ಒಡೆದು, ತಂಬೂರಿಯ ಆಧಾರವೇ ಇಲ್ಲದಂತೆ ಕೇಳಿಸಲು, ಯಾರಿಗೂ ಹೇಳದೆ ಯಂತ್ರವನ್ನು ಡಬ್ಬಿಯೊಳಗಿಟ್ಟು, ಸಂಗೀತವು ತನ್ನ ಪಾಲಿಗೆ ಮುಗಿಯಿತೆಂದು ನಿಶ್ಚಯಿಸಿಕೊಳ್ಳುವನಲ್ಲ, ಆ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ಆ ನಷ್ಟವು ಅನಿವಾರ್ಯವಾದುದಲ್ಲವೆಂಬುದೂ, ಅದರ ಬಹುಭಾಗವು ಕಿವಿಯ ದೋಷದಿಂದಲ್ಲದೆ ಯಂತ್ರದ ಉದ್ದೇಶದಿಂದ ಉಂಟಾಗುವುದೆಂಬುದೂ ಈ ಉಪನ್ಯಾಸದ ಪ್ರತಿಪಾದನೆ. ನಾನು ವೈದ್ಯನಲ್ಲ, ಗಾಯಕನೂ ಅಲ್ಲ. ಎರಡು ಕಿವಿಗೂ ಯಂತ್ರವನ್ನು ಧರಿಸಿ ಸಂಗೀತವನ್ನು ಕೇಳುವ ಒಬ್ಬ ಹಳೆಯ ಶ್ರೋತೃ. ಆ ಅಧಿಕಾರದಿಂದಲೇ ಮಾತನಾಡುತ್ತೇನೆ.

ಈ ವಿಷಯವನ್ನು ಆಡುವುದಕ್ಕೆ ಈ ಸೀಮೆಯಷ್ಟು ತಕ್ಕ ಸ್ಥಳ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದು ಬಂದ ಮೇಲೆ ಜೋಳದ ಸೀಮೆಯಾಗಿದ್ದ ಸಿಂಧನೂರು ಭತ್ತದ ಸೀಮೆಯಾಯಿತು. ಭತ್ತದ ಹಿಂದೆ ಟ್ರ್ಯಾಕ್ಟರು, ಕೊಯ್ಲಿನ ಯಂತ್ರ, ರೈಸ್ ಮಿಲ್ಲು ಬಂದವು. ಈ ಊರಿನ ಕೇಂದ್ರೀಯ ಬೀಜೋತ್ಪಾದನಾ ಕ್ಷೇತ್ರದಲ್ಲಿಯೂ ಸುತ್ತಣ ಕ್ಯಾಂಪುಗಳಲ್ಲಿಯೂ ದುಡಿದವರು ಜೀವಮಾನವೆಲ್ಲ ಎಂಜಿನ್ನಿನ ಪಕ್ಕದಲ್ಲಿಯೇ ಕಳೆದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದ ಆಳದಲ್ಲಿ ಬಂಡೆಯನ್ನು ಕೊರೆದವರ ಕಿವಿಯ ಕಥೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಹೊತ್ತು ಕಿವಿ ತಾಳಲಾರದೆಂದೂ, ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ತಾಳುವ ಕಾಲವು ಅರ್ಧಕ್ಕರ್ಧ ಇಳಿಯುವುದೆಂದೂ ಶ್ರವಣಶಾಸ್ತ್ರಜ್ಞರು ಹೇಳುತ್ತಾರೆ; ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಆಸನದಲ್ಲಿ ಈ ಮಿತಿಯನ್ನು ದಾಟುವುದು ಸರ್ವೇಸಾಮಾನ್ಯ.

ಇದೇ ಸೀಮೆಯೇ ಕೇಳುವವರ ಸೀಮೆಯೂ ಆಗಿದೆ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಈ ರಾಯಚೂರು ಜಿಲ್ಲೆಯ ಮಣ್ಣಿನವರು. ಅಮರೇಶ್ವರದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ವಚನಗಳು ಇಂದಿಗೂ ಇಲ್ಲಿ ಹಾಡಾಗಿ ಕೇಳುತ್ತವೆ. ಏಕತಾರಿ ಹಿಡಿದು ತತ್ತ್ವಪದ ಹೇಳುವವರು, ಮೊಹರಮ್ಮಿನಲ್ಲಿ ಮುದಗಲ್ಲಿಗೆ ಹೋಗಿ ರಿವಾಯತ್ ಪದಗಳನ್ನು ಕೇಳಿ ಬರುವವರು, ಶ್ರಾವಣದ ಭಜನೆಗೆ ಹಾರ್ಮೋನಿಯಂ ತೆಗೆಯುವವರು ಒಂದೊಂದು ಊರಿನಲ್ಲಿಯೂ ಇದ್ದಾರೆ. ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮಾತಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ರಾಯಚೂರಿನ ರಂಗಮಂದಿರವೇ ಹೊತ್ತಿದೆ. ಹೀಗೆ ಕಿವಿಯನ್ನು ಸವೆಸುವ ಉದ್ಯೋಗವೂ ಕಿವಿಯನ್ನೇ ನಂಬಿದ ಸಂಸ್ಕಾರವೂ ಒಂದೇ ಮನೆಯಲ್ಲಿ, ಅನೇಕ ಕಡೆ ಒಬ್ಬನೇ ಮನುಷ್ಯನಲ್ಲಿ ಕೂಡಿಕೊಂಡಿವೆ.

ಕಿವಿಯು ಕುಂದುವ ಬಗೆಯನ್ನು ಸ್ವಲ್ಪ ನೋಡೋಣ. ಒಳಗಿವಿಯಲ್ಲಿ ಸುರುಳಿಯಾಗಿ ಸುತ್ತಿದ ನಾಳದೊಳಗೆ, ಒಂದೊಂದು ಕಿವಿಗೆ ಸುಮಾರು 15 ಸಾವಿರದಷ್ಟು ಸೂಕ್ಷ್ಮರೋಮವುಳ್ಳ ಜೀವಕೋಶಗಳು ಸಾಲುಗೊಂಡಿವೆ. ಅವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ತಾರಧ್ವನಿಗಳನ್ನು ಗ್ರಹಿಸುವ ಕೋಶಗಳು ನಾಳದ ಬುಡದಲ್ಲಿಯೂ ಮಂದ್ರವನ್ನು ಗ್ರಹಿಸುವವು ತುದಿಯಲ್ಲಿಯೂ ಇರುವುದರಿಂದ, ವಯಸ್ಸಿನ ಸವೆತವಾಗಲಿ ಯಂತ್ರಗಳ ಸದ್ದಿನ ಪೆಟ್ಟಾಗಲಿ ಮೊದಲು ಬುಡವನ್ನೇ ತಾಕುತ್ತದೆ. ಸದ್ದಿನ ಪೆಟ್ಟು 4000 ಹರ್ಟ್ಸಿನ ಆಸುಪಾಸಿನಲ್ಲಿ ತನ್ನ ಗುರುತನ್ನು ಬಿಡುವುದು ಹೆಚ್ಚು. ಆದುದರಿಂದ ಸ, ಶ, ತ, ಚ ಮೊದಲಾದ ವ್ಯಂಜನಗಳು ಮೊದಲು ಮರೆಯಾಗಿ, ಸ್ವರಾಕ್ಷರಗಳು ಉಳಿಯುತ್ತವೆ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಇದರ ಜೊತೆಗೆ ಇನ್ನೊಂದು ವಿಪರೀತವುಂಟು. ಮೆಲ್ಲನೆಯ ಸದ್ದು ಕಿವಿಗೆ ಬೀಳದಿದ್ದರೂ ಜೋರಾದ ಸದ್ದು ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. "ಸ್ವಲ್ಪ ಜೋರಾಗಿ ಅನ್ನಪ್ಪ" ಎಂದ ತಂದೆಯೇ ಮಗನು ದನಿಯೇರಿಸಿದೊಡನೆ "ಅಷ್ಟ್ಯಾಕ ಒದರ್ತಿ" ಎಂದು ಸಿಡುಕುವುದನ್ನು ನಾವು ಮುಪ್ಪಿನ ಮುಂಗೋಪವೆಂದು ಎಣಿಸುತ್ತೇವೆ. ಅದು ಕೋಪವಲ್ಲ, ಕೋಶಗಳ ಕ್ಷಯ. ಶ್ರವ್ಯ ಮತ್ತು ಅಸಹನೀಯ ಇವೆರಡರ ನಡುವಣ ವಿಸ್ತಾರವು ಕಿರಿದಾಗಿರುತ್ತದೆ. ಜಗತ್ತಿನ ಸದ್ದೆಲ್ಲವನ್ನೂ ಆ ಕಿರಿದಾದ ಎಡೆಯಲ್ಲಿ ತುಂಬುವುದೇ ಶ್ರವಣಯಂತ್ರದ ಕೆಲಸ.

ಇಲ್ಲಿಯವರೆಗೆ ಕೇಳಿದವರು, ತಾರಧ್ವನಿಯೇ ಹೋದ ಮೇಲೆ ಸಂಗೀತದಲ್ಲಿ ಉಳಿಯುವುದೇನೆಂದು ಕೇಳಬಹುದು. ಈ ಪ್ರಶ್ನೆಗೆ ನಮ್ಮ ಅಜ್ಜಂದಿರ ಅನುಭವವೇ ಉತ್ತರ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡಾಗ ಅವಳು ಹಾಡಿದುದು ತುತ್ತೂರಿಯಾಕಾರದ ಕೊಂಬೊಂದರೊಳಗೆ. ವಿದ್ಯುತ್ತಿನ ಮುದ್ರಣ ಬಂದ 1925ರವರೆಗೂ ಪದ್ಧತಿ ಅದೇ ಆಗಿದ್ದು, ಆ ತಟ್ಟೆಗಳಲ್ಲಿ ಉಳಿಯುತ್ತಿದ್ದುದು ಸುಮಾರು 200 ಹರ್ಟ್ಸಿನಿಂದ 2000 ಹರ್ಟ್ಸಿನವರೆಗಿನ, ಬಹಳವೆಂದರೆ ಅದಕ್ಕಿಂತ ತುಸು ಮೇಲಿನ ಧ್ವನಿ ಮಾತ್ರ. ತಂಬೂರಿಯ ಮಂದ್ರವೂ ಅದರೊಳಗಿಲ್ಲ, ತಾಳದ ಕಿಂಕಿಣಿಯೂ ಇಲ್ಲ. ಆದರೂ ಅಂಥ ಮೂರು ಮೂರೂವರೆ ನಿಮಿಷದ ತಟ್ಟೆಗಳನ್ನು ಕೇಳಿ ಜನರು ರಾಗವನ್ನು ಗುರುತಿಸಿದರು, ಕಲಿತರು, ಕಣ್ಣೀರು ತಂದುಕೊಂಡರು. 1950ರಲ್ಲಿ ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಮನೆಗಳಿಗೆ ಬಂದ ಸಂಗೀತವೂ ಮಧ್ಯಮ ತರಂಗದ ರೇಡಿಯೊದ್ದು. ಅದು 5000 ಹರ್ಟ್ಸಿನ ಆಚೆಗೆ ದಾಟುತ್ತಿದ್ದುದು ಅಪರೂಪ. ಇಂದಿನ ಒಳ್ಳೆಯ ಶ್ರವಣಯಂತ್ರವಾದರೋ 6000, 8000 ಹರ್ಟ್ಸಿನವರೆಗೂ ಸದ್ದನ್ನು ಎತ್ತಿಕೊಡಬಲ್ಲುದು. ಎಂದ ಮೇಲೆ ಅಜ್ಜನ ರೇಡಿಯೊಕ್ಕಿಂತ ವಿಶಾಲವಾದ ದ್ವಾರವುಳ್ಳ ಯಂತ್ರದಲ್ಲಿ ಸಂಗೀತವು ಅಜ್ಜನ ರೇಡಿಯೊಕ್ಕಿಂತ ವಿಕಾರವಾಗಿ ಏಕೆ ಕೇಳಬೇಕು? ಕಾರಣವನ್ನು ತಾರಧ್ವನಿಯ ಅಭಾವದಲ್ಲಿ ಹುಡುಕಿ ಫಲವಿಲ್ಲ. ರೇಡಿಯೊ ತನಗೆ ಬಂದುದನ್ನು ಹಾಗೆಯೇ ಕೊಡುತ್ತಿತ್ತು. ಈ ಯಂತ್ರವು ತನಗೆ ಬಂದುದನ್ನು ಪರೀಕ್ಷಿಸಿ, ಇದು ಗ್ರಾಹ್ಯ ಇದು ತ್ಯಾಜ್ಯ ಎಂದು ಕ್ಷಣಕ್ಷಣಕ್ಕೂ ತೀರ್ಪು ಕೊಡುತ್ತಿರುತ್ತದೆ. ಆ ತೀರ್ಪಿನ ನ್ಯಾಯಸೂತ್ರವು ಮಾತಿಗಾಗಿ ಬರೆದುದು.

ಮಾತಿನ ಸ್ವಭಾವವನ್ನು ಯಂತ್ರವು ಚೆನ್ನಾಗಿ ಬಲ್ಲುದು. ಮನುಷ್ಯನ ಸಹಜ ಸಂಭಾಷಣೆಯ ಮಟ್ಟ ಸುಮಾರು 65 ಡೆಸಿಬೆಲ್. ಅದು ಅಕ್ಷರಗಳ ನಡೆಗೆ ಅನುಸಾರವಾಗಿ ಸೆಕೆಂಡಿಗೆ ಮೂರು ನಾಲ್ಕು ಸಲ ಏರಿಳಿಯುತ್ತದೆ. ಹೀಗೆ ಏರಿಳಿಯುವುದೆಲ್ಲ ಮಾತು, ಏರಿಳಿಯದೆ ಒಂದೇ ಸಮನಾಗಿ ನಿಲ್ಲುವುದೆಲ್ಲ ಗದ್ದಲ ಎಂಬುದು ಯಂತ್ರದ ಸೂತ್ರ. ಫ್ಯಾನಿನ ಸದ್ದು, ಮಿಲ್ಲಿನ ಮೋಟಾರಿನ ಸದ್ದು, ಬಸ್ಸಿನ ಎಂಜಿನ್ನಿನ ಸದ್ದು ಈ ಸೂತ್ರಕ್ಕೆ ಸಿಕ್ಕಿ ತಗ್ಗುತ್ತವೆ. ರಾಯಚೂರಿನ ಬಸ್ಸಿನಲ್ಲಿ ಕುಳಿತು ಪಕ್ಕದವನೊಡನೆ ಮಾತನಾಡುವಾಗ ಆ ಉಪಕಾರವನ್ನು ನಾನು ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಆದರೆ ತಂಬೂರಿಯೂ ಒಂದೇ ಸಮನಾಗಿ ನಿಲ್ಲುವ ಧ್ವನಿಯಲ್ಲವೇ? ಏಕತಾರಿಯೂ, ಹಾರ್ಮೋನಿಯಂನಲ್ಲಿ ಒತ್ತಿ ಹಿಡಿದ ಷಡ್ಜವೂ, ಗಾಯಕನು ತಾರಷಡ್ಜಕ್ಕೆ ಹೋಗಿ ಕದಲದೆ ನಿಂತ ಆ ದೀರ್ಘವಾದ ಆಕಾರವೂ ಹಾಗೆಯೇ ಅಲ್ಲವೇ? ಯಾವುದನ್ನು ನಮ್ಮ ಹಿರಿಯರು ಶ್ರುತಿಯೆಂದು ಕರೆದು, ಅದಿಲ್ಲದೆ ಹಾಡಬಾರದೆಂದು ಕಟ್ಟುಮಾಡಿದರೋ ಅದನ್ನೇ ಈ ಯಂತ್ರವು ನಿವಾರಿಸಬೇಕಾದ ಗದ್ದಲವೆಂದು ಬಗೆದು, ಅತ್ಯಂತ ಶ್ರದ್ಧೆಯಿಂದ ಮೆಲ್ಲಮೆಲ್ಲನೆ ಅಡಗಿಸುತ್ತ ಹೋಗುತ್ತದೆ. ಆಲಾಪದ ಮೊದಲ ಕ್ಷಣಗಳಲ್ಲಿ ಕೇಳಿಸಿದ ತಂಬೂರಿ ನೋಡನೋಡುತ್ತ ಹಿಂದೆ ಸರಿದು ಕರಗಿಹೋಗುವುದಕ್ಕೆ ಕಾರಣ ಇದು.

ತಂಬೂರಿಯ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಸರ್ ಸಿ. ವಿ. ರಾಮನ್ ಅವರು ಬೆಳಕಿನ ಚೆದರಿಕೆಯ ಸಂಶೋಧನೆಯಿಂದ ಲೋಕಪ್ರಸಿದ್ಧರಾಗುವುದಕ್ಕೆ ಮುಂಚೆಯೇ, 1921ರಲ್ಲಿ, ನಮ್ಮ ತಂಬೂರಿ ಮತ್ತು ವೀಣೆಗಳ ಕುದುರೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರಗಳು ಹುಟ್ಟಬಾರದೆಂದು ಯುರೋಪಿನ ಶಾಸ್ತ್ರವು ಹೇಳುತ್ತಿತ್ತೋ, ಆ ಉಪಸ್ವರಗಳೂ ತಂಬೂರಿಯಲ್ಲಿ ಪ್ರಬಲವಾಗಿ ಹುಟ್ಟುವುದನ್ನು ಅವರು ತೋರಿಸಿದರು. ಅಗಲವಾದ, ತುಸು ಇಳಿಜಾರಾದ ಕುದುರೆಯೂ ಅದರ ಮೇಲೆ ತಂತಿಯಡಿಗೆ ಸಿಕ್ಕಿಸಿದ ಹತ್ತಿಯ ಅಥವಾ ರೇಷ್ಮೆಯ ಎಳೆಯೂ ಈ ಚಮತ್ಕಾರಕ್ಕೆ ಕಾರಣ. ಇದನ್ನೇ ನಮ್ಮ ಗಾಯಕರು ಜವಾರಿಯೆನ್ನುತ್ತಾರೆ. ಪುರುಷಕಂಠಕ್ಕೆ ಹೊಂದಿಸಿದ ತಂಬೂರಿಯ ಖರಜದ ತಂತಿ 70 ಹರ್ಟ್ಸಿನಲ್ಲಿ ಕಂಪಿಸುತ್ತದೆಯೆಂದು ಇಟ್ಟುಕೊಂಡರೆ, ಅದರ ಐದನೆಯ ಅಂಶವಾದ 350 ಹರ್ಟ್ಸಿನಲ್ಲಿ, ಯಾರೂ ಮೀಟದ ಗಾಂಧಾರವು ತಾನಾಗಿಯೇ ಮೂಡುತ್ತದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ 350 ಹರ್ಟ್ಸಿನ ಪ್ರದೇಶವು ಮುಪ್ಪಿನ ಕಿವಿಯಲ್ಲಿ ಬಹುಮಟ್ಟಿಗೆ ಆರೋಗ್ಯವಾಗಿಯೇ ಉಳಿದಿರುತ್ತದೆ. ಸ್ವಯಂಭೂ ಗಾಂಧಾರವನ್ನು ಕೇಳುವ ಯೋಗ್ಯತೆ ಎಪ್ಪತ್ತರ ಕಿವಿಗೂ ಉಂಟು. ಅದನ್ನು ಅಪಹರಿಸುವುದು ಯಂತ್ರದ ತಪ್ಪು ತಿಳಿವಳಿಕೆ. ಗದ್ದಲನಿವಾರಣೆಯ ಆ ವ್ಯವಸ್ಥೆಯನ್ನು ನಿಲ್ಲಿಸಿ ಕೇಳಿದ ಸಂಜೆ, ಭೀಮಸೇನ ಜೋಶಿಯವರ ಪೂರಿಯಾದ ಹಿಂದೆ ಎರಡು ತಂಬೂರಿಗಳು ಕದಲದೆ ನಿಂತುದನ್ನು ಕೇಳಿ ನನಗಾದ ಆನಂದವನ್ನು ಮಾತಿನಲ್ಲಿ ಹೇಳಲಾರೆ.

ಯಂತ್ರದ ಮಿಕ್ಕ ಸೂತ್ರಗಳೂ ಇದೇ ಜಾತಿಯವು. ಕಿವಿಯಲ್ಲಿ ಯಂತ್ರವು ಸಡಿಲವಾಗಿ ಕುಳಿತಾಗ, ಅದು ಹೊರಡಿಸಿದ ಸದ್ದು ಮತ್ತೆ ಅದರ ಮೈಕಿನೊಳಕ್ಕೇ ಹೊಕ್ಕು ಕುಂಯ್ ಎಂದು ಸಿಳ್ಳೆ ಹೊಡೆಯುವುದನ್ನು ನೀವೆಲ್ಲ ಕೇಳಿದ್ದೀರಿ. ಆ ಸಿಳ್ಳೆಯನ್ನು ಅಳಿಸುವುದಕ್ಕೆ ಒಂದು ಏರ್ಪಾಡುಂಟು. ಶುದ್ಧವಾದ, ಸ್ಥಿರವಾದ, ಏಕಸ್ವರವಾದ ಧ್ವನಿಯನ್ನು ಕಂಡರೆ ಅದು ಸಿಳ್ಳೆಯೆಂದು ಶಂಕಿಸಿ ಹೊಡೆದುಹಾಕುತ್ತದೆ, ಇಲ್ಲವೆ ಅದರ ಮೇಲೆ ಇನ್ನೊಂದು ನಡುಗುವ ಧ್ವನಿಯನ್ನು ಹೇರುತ್ತದೆ. ಬಾನ್ಸುರಿಗಿಂತ ಶುದ್ಧವಾದ ಸ್ವರ ಯಾವುದು? ಆದುದರಿಂದಲೇ ಕೊಳಲು ಈ ಯಂತ್ರದಲ್ಲಿ ಜ್ವರ ಬಂದವರ ದನಿಯಂತೆ ನಡುಗುತ್ತದೆ. ಹಾರ್ಮೋನಿಯಂಗೂ ಇದೇ ಗತಿ. ಇನ್ನು ಸಂಕೋಚದ ಏರ್ಪಾಡು: ಮೆಲ್ಲನೆಯದನ್ನು ಬಹಳ ಎತ್ತಿ, ಜೋರಾದುದನ್ನು ಕಡಿಮೆ ಎತ್ತಿ, ಎರಡನ್ನೂ ಹತ್ತಿರಕ್ಕೆ ತರುವುದು. ಮಾತಿಗೆ ಇದು ಪರಮೋಪಕಾರಿ. ಆದರೆ ಮಧ್ಯಲಯದ ಖಯಾಲಿನಲ್ಲಿ ತಬಲದ ಬಲವಾದ ಪೆಟ್ಟೊಂದು ಬಿದ್ದೊಡನೆ ಯಂತ್ರವು ಬೆದರಿ ಎಲ್ಲವನ್ನೂ ತಗ್ಗಿಸುತ್ತದೆ; ಆ ತಗ್ಗಿಸುವಿಕೆಯಲ್ಲಿ ಗಾಯಕನ ದನಿಯೂ ಮುಳುಗಿ, ಮರುಕ್ಷಣ ಮತ್ತೆ ತೇಲುತ್ತದೆ. ಗಾಯಕನು ಬೇಕೆಂದು ಮಾಡಿದ ಏರಿಳಿತವು ಸಮತಟ್ಟಾಗಿ, ಅವನು ಮಾಡದ ಏರಿಳಿತವು ಹುಟ್ಟಿಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ಕೇಳದ ತಾರಧ್ವನಿಯನ್ನು ಕೆಳಗಿನ ಸ್ಥಾಯಿಗೆ ಇಳಿಸಿ ಕೊಡುವ ಉಪಾಯವೂ ಇದೆ. ಸಕಾರ ಶಕಾರಗಳು ಅದರಿಂದ ತಿಳಿಯುವುದು ನಿಜ, ಆದರೆ ಸಂಗೀತದಲ್ಲಿ ಉಪಸ್ವರಗಳು ತಮ್ಮ ಸ್ಥಾನದಿಂದ ಕದಲಿ ಅಪಸ್ವರವಾಗುತ್ತವೆ. ಇದು ಒಬ್ಬಿಬ್ಬರ ದೂರಲ್ಲ. ಕೇಂಬ್ರಿಜ್ಜಿನ ಬ್ರಯನ್ ಮೂರ್ ಮತ್ತು ಸಾರಾ ಮ್ಯಾಡ್ಸನ್ ಅವರು ಶ್ರವಣಯಂತ್ರ ಧರಿಸುವವರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಬರಹದಲ್ಲಿಯೂ ಒಡಕು ದನಿ, ಸಿಳ್ಳೆ, ಸದ್ದು ಒಮ್ಮೆ ಅತಿ ಒಮ್ಮೆ ಕಡಿಮೆ ಎಂಬ ಇವೇ ದೂರುಗಳು ಕಾಣುತ್ತವೆ.

ಇವೆಲ್ಲಕ್ಕೂ ಮೂಲದಲ್ಲಿ ಇನ್ನೊಂದು ತೊಡಕುಂಟು; ಇದನ್ನು ಬಲ್ಲವರು ಇನ್ನೂ ಕಡಿಮೆ. ಯಂತ್ರವು ಸದ್ದನ್ನು ಅಂಕಿಗಳಾಗಿ ಪರಿವರ್ತಿಸುವ ಹೊಸ್ತಿಲಿನಲ್ಲಿಯೇ ಒಂದು ಎತ್ತರದ ಮಿತಿಯಿರುತ್ತದೆ. ಕೂಗಿ ಆಡಿದ ಮಾತೂ 85 ಡೆಸಿಬೆಲ್ಲಿನ ಆಸುಪಾಸಿನಲ್ಲಿಯೇ ಇರುವುದರಿಂದ, ಅನೇಕ ಯಂತ್ರಗಳಲ್ಲಿ ಆ ಮಿತಿಯನ್ನು 95 ಡೆಸಿಬೆಲ್ಲಿನ ಸುತ್ತ ಇಟ್ಟಿದ್ದುದುಂಟು. ಸಂಗೀತದ ಶಿಖರಗಳು 100ನ್ನೂ ದಾಟುತ್ತವೆ. ಸರಾಸರಿ ಮಟ್ಟಕ್ಕಿಂತ ಮಾತಿನ ಶಿಖರ 12 ಡೆಸಿಬೆಲ್ ಮೇಲಿದ್ದರೆ ಸಂಗೀತದ್ದು 18 ಡೆಸಿಬೆಲ್ಲನ್ನು ಮುಟ್ಟುತ್ತದೆ. ಹೊಸ್ತಿಲಲ್ಲಿಯೇ ತಲೆಯೊಡೆದ ಧ್ವನಿಯನ್ನು ಒಳಗೆ ಯಾವ ತಿದ್ದುಪಡಿಯೂ ಸರಿಮಾಡಲಾರದು. ಕೆನಡಾದಲ್ಲಿ ಸಂಗೀತಗಾರರ ಶ್ರವಣಚಿಕಿತ್ಸೆಗಾಗಿಯೇ ದುಡಿದ ಮಾರ್ಷಲ್ ಚೇಸಿನ್ ಅವರು ಈ ವಿಷಯವನ್ನು ಪದೇಪದೇ ಬರೆದು, ಅದಕ್ಕೊಂದು ಸುಲಭವಾದ ಪರಿಹಾರವನ್ನೂ ಹೇಳಿದ್ದಾರೆ. ಕಿವಿ ಕೇಳದವರು ಸಹಜವಾಗಿ ಸ್ಟೀರಿಯೊದ ಸದ್ದನ್ನು ಹೆಚ್ಚಿಸುತ್ತಾರೆ. ಮಾಡಬೇಕಾದುದು ಅದಕ್ಕೆ ತಿರುಗುಮುರುಗು. ಸ್ಟೀರಿಯೊದ ಸದ್ದನ್ನು ಮಾತಿನ ಮಟ್ಟಕ್ಕೆ ತಗ್ಗಿಸಿ, ಬೇಕಾದ ಏರಿಕೆಯನ್ನು ಕಿವಿಯ ಯಂತ್ರದಲ್ಲಿ ಕೊಟ್ಟುಕೊಳ್ಳಬೇಕು. ಧ್ವನಿಯು ಹೊಸ್ತಿಲಿನಡಿಯಲ್ಲಿ ತಲೆ ತಗ್ಗಿಸಿ ದಾಟಿ, ಒಳಗೆ ಬಂದು ಎದ್ದು ನಿಲ್ಲುತ್ತದೆ. ತಗ್ಗಿಸಲಾಗದ ಕಡೆ, ಉದಾಹರಣೆಗೆ ಭಜನೆಯ ಮುಂದಿನ ಸಾಲಿನಲ್ಲಿ ಕುಳಿತಾಗ, ಯಂತ್ರದ ಮೈಕಿನ ರಂಧ್ರದ ಮೇಲೆ ಸಾಧಾರಣ ಅಂಟುಟೇಪಿನ ಕೆಲವು ಪದರಗಳನ್ನು ಹಚ್ಚಿದರೆ ಸುಮಾರು 10 ಡೆಸಿಬೆಲ್ ಇಳಿಯುತ್ತದೆಂದು ಅವರು ತಿಳಿಸುತ್ತಾರೆ. ನಾನಿದನ್ನು ಮಾಡಿ ನೋಡಿದ್ದೇನೆ. ಹಾರ್ಮೋನಿಯಂನ ಒಡಕು ಮಾಯವಾಯಿತು.

ಮನೆಯ ವ್ಯವಸ್ಥೆಗೆ ಬರೋಣ. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಕೇಳುವವರಿಗೆ ಅನುಕೂಲವಾಗಿದ್ದವು. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಮೂಲೆಯಲ್ಲಿ ಒಟ್ಟಿದ ಜೋಳದ ಚೀಲ ಇವು ಸದ್ದನ್ನು ಹೀರಿಕೊಳ್ಳುತ್ತಿದ್ದವು. ಈಗಿನ ಸಿಮೆಂಟಿನ ತಾರಸಿ, ನುಣುಪಾದ ಟೈಲ್ಸು, ಬರಿಯ ಗೋಡೆ ಇವು ಪ್ರತಿಯೊಂದು ಸ್ವರವನ್ನೂ ಹಲವು ಸಲ ಹಿಂದಿರುಗಿಸುತ್ತವೆ. ನೆಟ್ಟಗಿರುವ ಕಿವಿ ಆ ಮರುದನಿಯನ್ನು ಬದಿಗಿರಿಸಬಲ್ಲುದು, ಯಂತ್ರದ ಕಿವಿಗೆ ಅದು ಅಸಾಧ್ಯ. ಎದುರುಗೋಡೆಗೆ ಒಂದು ಕೌದಿಯನ್ನು ತೂಗುಹಾಕಿ, ನೆಲಕ್ಕೆ ಕಂಬಳಿ ಹಾಸಿ, ಸ್ಪೀಕರಿನ ಹತ್ತಿರಕ್ಕೆ ಸರಿದು ಕುಳಿತರೆ ಅರ್ಧ ದೋಷವು ಪರಿಹಾರವಾಗುತ್ತದೆ. ಬಯಲಿನಲ್ಲಾದರೆ ದೂರವು ಅರ್ಧವಾದಂತೆ ನೇರಧ್ವನಿ 6 ಡೆಸಿಬೆಲ್ ಏರುತ್ತದೆ, ಮನೆಯೊಳಗೆ ಅಷ್ಟಲ್ಲದಿದ್ದರೂ ಲಾಭವುಂಟು. ಸ್ಟೀರಿಯೊದಲ್ಲಿ ಬೇಸನ್ನು ಪೂರ್ತಿ ತಿರುವಿಡುವ ಅಭ್ಯಾಸ ಈ ಭಾಗದಲ್ಲಿ ಬಹಳ. ಮಂದ್ರಧ್ವನಿಯು ಪ್ರಬಲವಾದರೆ ಅದು ತನ್ನ ಮೇಲಣ ಸ್ವರಗಳನ್ನು ಮರೆಮಾಡುವುದು ಕಿವಿಯ ಸಹಜಧರ್ಮ. ಕುಂದಿದ ಕಿವಿಯಲ್ಲಿ ಈ ಮರೆ ಇನ್ನೂ ದಟ್ಟ. ಬೇಸನ್ನು ನಡುವಿನ ಗೆರೆಗೆ ತನ್ನಿರಿ, ಸಾಹಿತ್ಯವು ತಿಳಿಯಾಗುತ್ತದೆ. ಭತ್ತದ ಸುಗ್ಗಿಯ ದೂಳು, ಬೇಸಿಗೆಯ ಬೆವರು ಇವು ಮೈಕಿನ ಸಣ್ಣ ಕಂಡಿಯನ್ನು ಮುಚ್ಚುವುದರಿಂದ ಕುಂಚದಿಂದ ನಿತ್ಯವೂ ಶುಚಿ ಮಾಡಿಕೊಳ್ಳಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಬ್ಲೂಟೂತಿನ ಮೂಲಕ ಹಾಡನ್ನು ನೇರವಾಗಿ ಕಿವಿಗೇ ತಂದುಕೊಳ್ಳುವ ಅನುಕೂಲ ಈಗ ಬಂದಿದೆ. ಕೋಣೆಯ ಮರುದನಿ, ಫ್ಯಾನು, ಬೀದಿ ಯಾವುದೂ ನಡುವೆ ಬಾರದಿರುವುದು ಅದರ ಗುಣ. ಕಿವಿಯನ್ನು ಮುಚ್ಚದ ತೆರೆದ ತೊಡಿಕೆಯಾದರೆ ಮಂದ್ರವೆಲ್ಲ ಹೊರಗೆ ಸೋರಿ ಧ್ವನಿ ತೆಳ್ಳಗಾಗುವುದು ದೋಷ. ಆದರೆ ನನ್ನ ಆಕ್ಷೇಪ ಬೇರೆ. ಮನೆಯಲ್ಲಿ ಹಾಡು ಹಾಕುವುದೆಂದರೆ ಅಡುಗೆಮನೆಯವರಿಗೂ ಕೇಳುವಂತೆ, ಮೊಮ್ಮಕ್ಕಳ ಕಿವಿಗೂ ಬೀಳುವಂತೆ ಹಾಕುವುದು. ಈ ಸೀಮೆಯ ಮಕ್ಕಳು ರಾಗದ ಹೆಸರನ್ನು ಕಲಿಯುವುದಕ್ಕೆ ಮುಂಚೆ ರಾಗವನ್ನು ಕಲಿತದ್ದು ಹಿರಿಯರು ಹಾಕಿದ ಹಾಡನ್ನು ಬೇಡದೆಯೇ ಕೇಳಿ. ಹಿರಿಯನು ತನ್ನ ಕಿವಿಯೊಳಗೇ ಹಾಡನ್ನು ಮುಚ್ಚಿಟ್ಟುಕೊಂಡರೆ ಅವನಿಗೆ ಸುಖವಾದೀತು, ಮನೆಗೆ ನಷ್ಟ. ಆದುದರಿಂದ ಸ್ಪೀಕರಿನ ಮುಂದೆ ಕುಳಿತು ಕೇಳುವ ಶ್ರಮವನ್ನು ಕೈಬಿಡಬೇಡಿರೆಂದು ಕೇಳಿಕೊಳ್ಳುತ್ತೇನೆ.

ಶ್ರಮವೆಂದುದು ಸುಮ್ಮನಲ್ಲ. ಬಹುಕಾಲ ತಾರಧ್ವನಿಯನ್ನು ಕೇಳದ ಮಿದುಳು, ಅದು ಮರಳಿ ಬಂದಾಗ ಕರ್ಕಶವೆಂದು ತಿರಸ್ಕರಿಸುತ್ತದೆ. ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಕೆಲವರಿಗೆ ಒಂದೇ ಸ್ವರವು ಎರಡು ಕಿವಿಗಳಲ್ಲಿ ಎರಡು ಸ್ಥಾನದಲ್ಲಿ ಕೇಳುವ ವಿಚಿತ್ರವೂ ಉಂಟು. ಹೊಸದಾಗಿ ಯಂತ್ರ ತೊಟ್ಟವರು ವಾದ್ಯವೃಂದದ ಚಲನಚಿತ್ರಗೀತೆಯಿಂದ ಆರಂಭಿಸಬಾರದು. ತಂಬೂರಿ ಮಾತ್ರ, ಅನಂತರ ತಂಬೂರಿಯೊಡನೆ ಒಂದು ಕಂಠದ ಆಲಾಪ, ಅನಂತರ ತಬಲ ಕೂಡಿದ ವಿಲಂಬಿತ. ಅದೂ ಹರೆಯದಲ್ಲಿ ನೂರು ಸಲ ಕೇಳಿ ಬಾಯಿಪಾಠವಾದ ಹಳೆಯ ಮುದ್ರಿಕೆ. ಯಂತ್ರವು ಬಿಟ್ಟ ಎಡೆಯನ್ನು ಸ್ಮೃತಿಯು ತುಂಬಿಕೊಡುತ್ತದೆ, ಸ್ಮೃತಿಯ ಆಸರೆಯಲ್ಲಿ ಕಿವಿಯು ಹೊಸ ಧ್ವನಿಗೆ ಒಗ್ಗುತ್ತದೆ. ಗಂಗೂಬಾಯಿಯವರ ಕಂಠವು ಇದಕ್ಕೆ ವಿಶೇಷವಾಗಿ ಹೊಂದುತ್ತದೆಂಬುದು ನನ್ನ ಅನುಭವ. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ತಗ್ಗಿ ಗಡುಸಾದ ಆ ಧ್ವನಿಯ ಬಹುಭಾಗವು ಮುಪ್ಪಿನ ಕಿವಿ ಇನ್ನೂ ಕಾಪಾಡಿಕೊಂಡ ಪ್ರದೇಶದಲ್ಲಿಯೇ ಸಂಚರಿಸುತ್ತದೆ.

ಕೊನೆಯದಾಗಿ ಒಂದು ಬೇಡಿಕೆಯನ್ನು ಸಭೆಯ ಮುಂದಿಡುತ್ತೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಅನ್ನದಂತೆ ಬಡಿಸಿದರು. ಕಣ್ಣಿಲ್ಲದವರಿಗೆ ಸಂಗೀತವನ್ನು ಕೊಟ್ಟ ಈ ನಾಡು, ಕಿವಿ ಕುಂದಿದವರಿಗೆ ಅದನ್ನು ಉಳಿಸಿಕೊಡುವ ಬಗೆಯನ್ನು ಇನ್ನೂ ಯೋಚಿಸಿಲ್ಲ. ಅದಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿಲ್ಲವೆಂದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡದ ಕಿವಿಯನ್ನು ಕನ್ನಡದ ಪದಗಳಿಂದಲೇ ಪರೀಕ್ಷಿಸಬೇಕೆಂದು ಕನ್ನಡ ಪದಪಟ್ಟಿಗಳನ್ನು ಸಿದ್ಧಪಡಿಸಿತು. ಪರಭಾಷೆಯ ಪದಗಳಿಂದ ನಮ್ಮವರ ಕಿವಿಯನ್ನು ಅಳೆಯಬಾರದೆಂಬ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಅದೇ ವಿವೇಕವನ್ನು ಸಂಗೀತಕ್ಕೂ ವಿಸ್ತರಿಸಬೇಕು. ಹೆಚ್ಚಿನ ಯಂತ್ರಗಳಲ್ಲಿ ಮಾತಿಗೊಂದು, ಸಂಗೀತಕ್ಕೊಂದು ಎಂದು ಬೇರೆ ಬೇರೆ ವ್ಯವಸ್ಥೆಗಳನ್ನು ಇಡಲು ಅವಕಾಶವುಂಟು. ಕೇಳುವವರಿಲ್ಲದೆ ಸಂಗೀತದ ವ್ಯವಸ್ಥೆಯು ಖಾಲಿ ಬಿದ್ದಿರುತ್ತದೆ, ಇಲ್ಲವೆ ಪಾಶ್ಚಾತ್ಯ ವಾದ್ಯವೃಂದವನ್ನು ಮನಸ್ಸಿನಲ್ಲಿಟ್ಟು ತುಂಬಿದುದಾಗಿರುತ್ತದೆ. ಯಂತ್ರ ಹೊಂದಿಸುವ ಕೋಣೆಯಲ್ಲಿ ನಮ್ಮ ಹಿರಿಯರು ಕೇಳಬೇಕಾದುದು ಇಷ್ಟು: ಸಂಗೀತಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು, ಅದರಲ್ಲಿ ಗದ್ದಲನಿವಾರಣೆ ನಿಲ್ಲಲಿ, ಸಿಳ್ಳೆಯ ನಿವಾರಣೆ ನಿಲ್ಲಲಿ ಅಥವಾ ಆದಷ್ಟು ಮೆಲ್ಲಗಾಗಲಿ, ಮೈಕು ಎಲ್ಲ ದಿಕ್ಕಿಗೂ ತೆರೆದಿರಲಿ, ಸಂಕೋಚವು ಹಗುರವಾಗಿರಲಿ, ಸ್ಥಾಯಿಯನ್ನು ಇಳಿಸುವ ಉಪಾಯ ಬೇಡ. ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು.

ಹೊಂದಿಸಿದ್ದು ಸರಿಯಾಯಿತೇ ಎಂದು ಅಲ್ಲಿಯೇ ನೋಡುವುದಕ್ಕೆ ನಮ್ಮದೇ ಆದ ಒಂದು ಧ್ವನಿಮುದ್ರಣ ಬೇಕು. ಎರಡು ನಿಮಿಷ ತಂಬೂರಿ. ಅದರ ಮೇಲೆ ಗಂಡುಕಂಠದ, ಹೆಣ್ಣುಕಂಠದ ಒಂದೊಂದು ಆಲಾಪದ ತುಣುಕು. ತಬಲದ ಒಂದು ಠೇಕಾ. ಬಾನ್ಸುರಿಯ ಒಂದು ದೀರ್ಘಸ್ವರ. ಏಕತಾರಿಯೊಡನೆ ಒಂದು ತತ್ತ್ವಪದ. ಹಾರ್ಮೋನಿಯಂನೊಡನೆ ಒಂದು ದಾಸರ ಪದ. ಹತ್ತು ಹನ್ನೆರಡು ನಿಮಿಷದ ಈ ಮುದ್ರಿಕೆಯನ್ನು ಈ ಜಿಲ್ಲೆಯ ಗಾಯಕರೇ ಮಾಡಿಕೊಡಬಲ್ಲರು. ಅದರ ಪ್ರತಿಗಳನ್ನು ರಾಯಚೂರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕಿವಿ ಮೂಗು ಗಂಟಲು ವಿಭಾಗಕ್ಕೂ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಶ್ರವಣಯಂತ್ರವನ್ನು ಹೊಂದಿಸಿ ಕೊಡುವ ಪ್ರತಿಯೊಬ್ಬರಿಗೂ ಉಚಿತವಾಗಿ ಮುಟ್ಟಿಸಬೇಕು. ಯಂತ್ರ ಪಡೆಯಹೋಗುವವರ ಮೊಬೈಲಿನಲ್ಲಿಯೂ ಅದು ಇರಬೇಕು. ಮುಂದಿನ ವರ್ಷದ ದತ್ತಿಯ ಉತ್ಪನ್ನದಲ್ಲಿ ಒಂದು ಭಾಗವನ್ನು ಈ ಕಾರ್ಯಕ್ಕೆ ತೆಗೆದಿರಿಸಬೇಕೆಂದು ದತ್ತಿಯ ಹಿರಿಯರನ್ನು ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ. ಈ ಉಪನ್ಯಾಸಕ್ಕಾಗಿ ನನಗೆ ಸಲ್ಲುವ ಸಂಭಾವನೆಯನ್ನು ಅದಕ್ಕೆ ಮೊದಲ ಕಾಣಿಕೆಯಾಗಿ ಇಲ್ಲಿಯೇ ಒಪ್ಪಿಸಿದ್ದೇನೆ.